ಜೇಬಿನಲ್ಲಿ ಕಾಸಿಲ್ಲ, ಕಾಲಡಿಯಲ್ಲಿ ಯೂರೋಪು

ಬೆಂಗಳೂರಿನಲ್ಲಿ ಸಂಕಲ್ಪ ಮಾಡಿ, ದೆಹಲಿಯ ರಾಜಘಾಟಿನಿಂದ ಹೊರಟು, ಅಣುಬಾಂಬು ಹೊಂದಿದ್ದ ನಾಲ್ಕು ರಾಜಧಾನಿಗಳತ್ತ ಬರಿಗೈಯಲ್ಲಿ ನಡೆದ ಇಬ್ಬರು ಯುವಕರ ಕಥೆ

ವಿದೇಶಕ್ಕೆ ಹೊರಡುವವರು ಮೊದಲು ಮಾಡುವ ಕೆಲಸ ಹಣ ಹೊಂದಿಸುವುದು. ಅದಾದ ಮೇಲೆ ಪಾಸ್‌ಪೋರ್ಟು, ವೀಸಾ, ಉಣ್ಣೆ ಬಟ್ಟೆ. ನಮ್ಮ ಕಡೆಯವರಾದರೆ ಒಂದು ಡಬ್ಬಿ ಚಟ್ನಿಪುಡಿ, ಒಂದು ಜಾಡಿ ಉಪ್ಪಿನಕಾಯಿ. ಆದರೆ 1962ರಲ್ಲಿ ಇಬ್ಬರು ಯುವಕರು ಯೂರೋಪಿಗೆ ಹೊರಡುವಾಗ ಮಾಡಿಕೊಂಡ ಮೊದಲ ಸಿದ್ಧತೆಯೇ ಬೇರೆ. ಕೈಯಲ್ಲಿ ಒಂದು ಪೈಸೆಯನ್ನೂ ಇಟ್ಟುಕೊಳ್ಳುವುದಿಲ್ಲ ಎಂದು ಅವರು ತೀರ್ಮಾನಿಸಿದರು. ಭೂಮಿಯ ಮೇಲೆ ದಾರಿ ಇರುವಷ್ಟು ದೂರ ಬಸ್ಸು, ರೈಲು ಹತ್ತುವುದಿಲ್ಲ, ನಡೆದೇ ಹೋಗುತ್ತೇವೆ ಎಂದೂ ನಿಶ್ಚಯಿಸಿದರು.

ಅವರಲ್ಲಿ ಒಬ್ಬರು ರಾಜಸ್ಥಾನದ ಶ್ರೀಡುಂಗರ್‌ಗಢದಲ್ಲಿ 1936ರಲ್ಲಿ ಹುಟ್ಟಿದ ಸತೀಶ್ ಕುಮಾರ್. ಮತ್ತೊಬ್ಬರು ಕೇರಳದ ಇ.ಪಿ. ಮೆನನ್. ಇಬ್ಬರೂ ವಿನೋಬಾ ಭಾವೆಯವರ ಸರ್ವೋದಯ ಚಳವಳಿಯ ಕಾರ್ಯಕರ್ತರು. ಇಬ್ಬರೂ ಕನ್ನಡಿಗರಲ್ಲವಾದರೂ ಈ ಯಾತ್ರೆಯ ಬೀಜ ಬಿದ್ದದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದು ಇಂದಿನ ಅನೇಕರಿಗೆ ಗೊತ್ತಿಲ್ಲ. ಮುಂದೆ ಮೆನನ್ ಅವರು ಬೆಂಗಳೂರನ್ನೇ ತಮ್ಮ ಕಾರ್ಯಕ್ಷೇತ್ರವಾಗಿ ಮಾಡಿಕೊಂಡರು.

ಒಂದು ವಾರ್ತೆ, ಎರಡು ಲೋಟ ಕಾಫಿ

1961ರ ಸೆಪ್ಟೆಂಬರ್. ಇಂಗ್ಲೆಂಡಿನ ಗಣಿತಜ್ಞ, ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅವರಿಗೆ ಆಗ 89 ವರ್ಷ. ಅಣ್ವಸ್ತ್ರಗಳ ವಿರುದ್ಧ ಜನರನ್ನು ಸತ್ಯಾಗ್ರಹಕ್ಕೆ ಕರೆದರೆಂಬ ಕಾರಣಕ್ಕೆ ಲಂಡನ್ನಿನ ನ್ಯಾಯಾಲಯ ಅವರಿಗೆ ಎರಡು ತಿಂಗಳ ಸಜೆ ವಿಧಿಸಿತು. ವಯಸ್ಸು ಮತ್ತು ಆರೋಗ್ಯವನ್ನು ಪರಿಗಣಿಸಿ ಅದನ್ನು ಒಂದು ವಾರಕ್ಕೆ ಇಳಿಸಲಾಯಿತು. ಹಣ್ಣು ಹಣ್ಣು ಮುದುಕ ಬ್ರಿಕ್ಸ್‌ಟನ್ ಜೈಲಿಗೆ ಹೋದರು.

ಈ ವಾರ್ತೆಯನ್ನು ಸತೀಶ್ ಕುಮಾರ್ ಮತ್ತು ಮೆನನ್ ಪತ್ರಿಕೆಯಲ್ಲಿ ಓದಿದ್ದು ಬೆಂಗಳೂರಿನ ಒಂದು ಕಾಫಿ ಹೋಟೆಲಿನಲ್ಲಿ ಕುಳಿತು. ತೊಂಬತ್ತರ ಅಂಚಿನ ಮುದುಕ ಶಾಂತಿಗಾಗಿ ಸೆರೆಮನೆಗೆ ಹೋಗುತ್ತಿರುವಾಗ ಇಪ್ಪತ್ತೈದರ ಹರೆಯದ ನಾವು ಇಲ್ಲಿ ಕಾಫಿ ಕುಡಿಯುತ್ತಾ ಕುಳಿತಿದ್ದೇವಲ್ಲ ಎಂಬ ನಾಚಿಕೆ ಅವರನ್ನು ಕಾಡಿತಂತೆ. ಆ ಕಾಫಿ ಮುಗಿಯುವಷ್ಟರಲ್ಲಿ ಮಾತು ಒಂದು ಯೋಜನೆಯ ರೂಪ ತಾಳಿತು. ಆಗ ಅಣುಬಾಂಬು ಹೊಂದಿದ್ದ ದೇಶಗಳು ನಾಲ್ಕು. ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್ ಎಂಬ ಆ ನಾಲ್ಕು ರಾಜಧಾನಿಗಳಿಗೂ ನಡೆದು ಹೋಗಬೇಕು. ದಾರಿಯಲ್ಲಿ ಸಿಗುವ ಸಾಮಾನ್ಯ ಜನರೊಡನೆ ಮಾತಾಡಬೇಕು. ಕೊನೆಗೆ ಬಾಂಬಿನ ಗುಂಡಿಯ ಮೇಲೆ ಬೆರಳಿಟ್ಟವರ ಬಾಗಿಲು ತಟ್ಟಬೇಕು.

ಆ ದಿನಗಳ ಭಯ ಎಂಥದೆಂದು ಇಂದಿನ ವಿದ್ಯಾರ್ಥಿಗಳಿಗೆ ವಿವರಿಸುವುದು ಕಷ್ಟ. 1958ರಿಂದ ಅಮೆರಿಕ, ರಷ್ಯ, ಬ್ರಿಟನ್ನುಗಳು ತಾವಾಗಿಯೇ ನಿಲ್ಲಿಸಿದ್ದ ಬಾಂಬು ಪರೀಕ್ಷೆಗಳು 1961ರ ಸೆಪ್ಟೆಂಬರಿನಲ್ಲಿ ಮತ್ತೆ ಆರಂಭವಾದವು. ಅದೇ ವರ್ಷ ಅಕ್ಟೋಬರ್ 30ರಂದು ಸೋವಿಯತ್ ಒಕ್ಕೂಟ ಆರ್ಕ್ಟಿಕ್‌ನ ನೊವಾಯಾ ಜೆಮ್ಲ್ಯಾ ದ್ವೀಪದ ಮೇಲೆ ಸುಮಾರು 50 ಮೆಗಾಟನ್ ಶಕ್ತಿಯ ಬಾಂಬನ್ನು ಸಿಡಿಸಿತು. 1945ರಲ್ಲಿ ಹಿರೋಷಿಮಾವನ್ನು ಸುಟ್ಟ ಬಾಂಬಿನ ಶಕ್ತಿ ಸುಮಾರು 15 ಕಿಲೊಟನ್. ಅಂದರೆ ಇದು ಅದರ ಮೂರು ಸಾವಿರ ಪಟ್ಟಿಗಿಂತ ಹೆಚ್ಚು. ಇಂಥ ಸ್ಫೋಟಗಳಿಂದ ಗಾಳಿಗೆ ಸೇರಿದ ಸ್ಟ್ರಾಂಷಿಯಂ-90 ಮಳೆಯೊಂದಿಗೆ ಹುಲ್ಲಿಗೆ, ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಮಕ್ಕಳ ಹಾಲಿಗೆ ಬರುತ್ತಿತ್ತು. ರಾಸಾಯನಿಕವಾಗಿ ಅದು ಸುಣ್ಣದಂಶದ, ಎಂದರೆ ಕ್ಯಾಲ್ಸಿಯಂನ, ಗುಣವನ್ನೇ ಹೋಲುವುದರಿಂದ ಮೂಳೆಯಲ್ಲಿ ಮನೆ ಮಾಡುತ್ತದೆ. ಅದರ ಅರ್ಧ ಭಾಗ ಕ್ಷಯಿಸಲು ಸುಮಾರು 29 ವರ್ಷ ಬೇಕು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ವಿಜ್ಞಾನಿಗಳು ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಿ ಇದನ್ನು ಅಳೆಯತೊಡಗಿದ್ದರು. ಬಾಂಬು ಯುದ್ಧವಿಲ್ಲದೆಯೂ ಮನೆಯೊಳಕ್ಕೆ ಬಂದಿತ್ತು.

ವಿನೋಬಾ ಕೊಟ್ಟ ಎರಡು ಆಯುಧ

ಯುವಕರು ಆಶೀರ್ವಾದ ಬೇಡಲು ವಿನೋಬಾ ಅವರ ಬಳಿಗೆ ಹೋದರು. ವಿನೋಬಾ ಆಗ ಅಸ್ಸಾಮಿನಲ್ಲಿ ಪಾದಯಾತ್ರೆಯಲ್ಲಿದ್ದರು. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಳ್ಳಿಯಲ್ಲಿ ಭೂದಾನ ಆರಂಭಿಸಿದಂದಿನಿಂದ ದೇಶವನ್ನು ಕಾಲಿನಲ್ಲೇ ಅಳೆದವರು ಅವರು. ಕರ್ನಾಟಕಕ್ಕೂ ಬಂದಿದ್ದರು. 1957ರ ಸೆಪ್ಟೆಂಬರಿನಲ್ಲಿ ಮೈಸೂರಿನ ಬಳಿಯ ಯೆಲವಾಲದಲ್ಲಿ ಅವರ ಸಮ್ಮುಖದಲ್ಲಿ ಗ್ರಾಮದಾನ ಸಮ್ಮೇಳನ ನಡೆದಾಗ ನೆಹರೂ ಸೇರಿದಂತೆ ದೇಶದ ಹಿರಿಯ ನಾಯಕರೆಲ್ಲ ಅಲ್ಲಿಗೆ ಬಂದದ್ದನ್ನು ಹಳಬರು ನೆನೆಯುವುದುಂಟು. ನಡಿಗೆಯ ವಿಷಯದಲ್ಲಿ ಸಲಹೆ ಕೊಡಲು ವಿನೋಬಾ ಅವರಿಗಿಂತ ಅರ್ಹರು ಯಾರಿದ್ದರು?

ಎರಡು ಆಯುಧಗಳನ್ನು ಹಿಡಿದು ಹೋಗಿ ಎಂದರು ವಿನೋಬಾ. ಮೊದಲನೆಯದು ಸಸ್ಯಾಹಾರ. ಎರಡನೆಯದು ಬರಿಗೈ. ಈ ಎರಡನೆಯದಕ್ಕೆ ಅವರು ಕೊಟ್ಟ ಕಾರಣ ಸ್ವಾರಸ್ಯಕರ. ಹಣವಿದ್ದರೆ ಸಂಜೆ ದಣಿದು ಬಂದಾಗ ಹೋಟೆಲು ಹುಡುಕುತ್ತೀರಿ, ಉಂಡು ಮಲಗುತ್ತೀರಿ, ಬೆಳಿಗ್ಗೆ ಎದ್ದು ಹೊರಡುತ್ತೀರಿ. ಯಾರೊಡನೆಯೂ ಮಾತೇ ಆಗುವುದಿಲ್ಲ. ಹಣವಿಲ್ಲದಿದ್ದರೆ ಒಂದು ಮನೆಯ ಬಾಗಿಲು ತಟ್ಟಲೇಬೇಕು. ಊಟ ಕೊಡಲು ಬಂದವರು ಮಾಂಸವಿಟ್ಟಾಗ ಬೇಡವೆನ್ನಬೇಕಾಗುತ್ತದೆ. ಏಕೆ ಎಂದು ಅವರು ಕೇಳುತ್ತಾರೆ. ಅಲ್ಲಿಗೆ ಅಹಿಂಸೆಯ ಮಾತು ತಾನಾಗಿ ಶುರುವಾಗುತ್ತದೆ. ಭಾಷಣ ಮಾಡಲು ಸಭೆ ಸೇರಿಸಬೇಕಾಗಿಯೇ ಇಲ್ಲ!

ಹಾಸನ ಜಿಲ್ಲೆಯ ಓದುಗರಿಗೆ ಇದು ತೀರ ಹೊಸ ಮಾತೇನಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ದೂರದ ಉತ್ತರ ಭಾರತದಿಂದ ಜೈನ ಮುನಿಗಳು ಬರಿಗಾಲಲ್ಲಿ ನಡೆದು ಬರುವುದನ್ನು ನಮ್ಮ ಹೆದ್ದಾರಿಯ ಅಕ್ಕಪಕ್ಕದ ಊರುಗಳವರು ಕಂಡಿದ್ದಾರೆ. 2018ರ ಮಹಾಮಸ್ತಕಾಭಿಷೇಕಕ್ಕೂ ಹಾಗೆ ಬಂದವರಿದ್ದರು. ಅವರು ಹಣ ಮುಟ್ಟುವುದಿಲ್ಲ, ವಾಹನ ಏರುವುದಿಲ್ಲ, ನಾಳೆಗೆಂದು ಏನನ್ನೂ ಕೂಡಿಡುವುದಿಲ್ಲ. ಸತೀಶ್ ಕುಮಾರ್ ಅವರ ಹಿನ್ನೆಲೆಯೂ ಇಂಥದೇ. ಒಂಬತ್ತನೆಯ ವಯಸ್ಸಿನಲ್ಲಿ ಅವರು ಶ್ವೇತಾಂಬರ ತೇರಾಪಂಥದಲ್ಲಿ ದೀಕ್ಷೆ ಪಡೆದು, ಆಚಾರ್ಯ ತುಲಸಿಯವರ ಶಿಷ್ಯರಾಗಿ ಒಂಬತ್ತು ವರ್ಷ ಮುನಿಯಾಗಿದ್ದರು. ಹದಿನೆಂಟರ ವಯಸ್ಸಿನಲ್ಲಿ ಗಾಂಧೀಜಿಯವರ ಬರಹ ಓದಿ, ಲೋಕದ ನಡುವೆಯೇ ಇದ್ದು ಕೆಲಸ ಮಾಡಬೇಕೆನಿಸಿ ಮುನಿಸಂಘವನ್ನು ಬಿಟ್ಟು ವಿನೋಬಾರನ್ನು ಸೇರಿದರು. ಹಾಗಾಗಿ ಯಾತ್ರೆಯ ಅತಿ ಕಠಿಣ ತರಬೇತಿ ಅವರಿಗೆ ಬಾಲ್ಯದಲ್ಲೇ ಆಗಿತ್ತು ಎನ್ನಬೇಕು. ಬೇಡಿ ಉಣ್ಣುವುದಕ್ಕೆ ಸಂಕೋಚವಿಲ್ಲದಿರುವುದು, ಸಿಗದಿದ್ದರೆ ಉಪವಾಸವೆಂದು ನೆಮ್ಮದಿಯಾಗಿರುವುದು ಎಲ್ಲರಿಗೂ ಒಂದೇ ದಿನದಲ್ಲಿ ಬರುವಂಥದಲ್ಲ.

ಅವರ ಮುಂದೆ ಕೆಲವು ಮಾದರಿಗಳೂ ಇದ್ದವು. 1958ರ ಈಸ್ಟರ್ ಹಬ್ಬದಂದು ಸಾವಿರಾರು ಬ್ರಿಟಿಷರು ಲಂಡನ್ನಿನಿಂದ ಆಲ್ಡರ್‌ಮಾಸ್ಟನ್ನಿನ ಅಣ್ವಸ್ತ್ರ ಕೇಂದ್ರಕ್ಕೆ ನಾಲ್ಕು ದಿನ ನಡೆದಿದ್ದರು. 1960ರ ಡಿಸೆಂಬರಿನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಒಂದು ಶಾಂತಿ ತಂಡ 1961ರ ಅಕ್ಟೋಬರ್ 3ರಂದು ಮಾಸ್ಕೋದ ಕೆಂಪು ಚೌಕವನ್ನು ತಲುಪಿತ್ತು. ಆ ತಂಡವನ್ನು ಫ್ರಾನ್ಸ್ ತನ್ನ ನೆಲದ ಮೇಲೆ ನಡೆಯಲು ಬಿಟ್ಟಿರಲಿಲ್ಲ. ಭಾರತದ ಯುವಕರಿಗೂ ಮುಂದೆ ಕಾದಿದ್ದದ್ದು ಅದೇ.

ಪಾಸ್‌ಪೋರ್ಟಿನ ಪಾಡು

ನಡೆಯುವ ಕಾಲಿದ್ದರೆ ಸಾಲದು, ಕಾಗದವೂ ಬೇಕು. ಆ ಕಾಲದಲ್ಲಿ ಪಾಸ್‌ಪೋರ್ಟು ಪ್ರಜೆಯ ಹಕ್ಕಾಗಿರಲಿಲ್ಲ. ಸರ್ಕಾರ ಮನಸ್ಸು ಮಾಡಿದರೆ ಕೊಡುವ ಅನುಗ್ರಹವಾಗಿತ್ತು. ವಿದೇಶಕ್ಕೆ ಹೋಗುವುದು ವ್ಯಕ್ತಿಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟು ಹೇಳಿದ್ದು 1967ರಲ್ಲಿ, ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ. ಪಾಸ್‌ಪೋರ್ಟ್ ಕಾಯಿದೆ ಬಂದದ್ದೂ ಅದೇ ವರ್ಷ. ವಿದೇಶಿ ವಿನಿಮಯದ ಬಿಗಿಯಂತೂ ಹೇಳತೀರದು. ಹಡಗು ಹತ್ತುವವರಿಗೆ ಬೆರಳೆಣಿಕೆಯ ಪೌಂಡುಗಳಷ್ಟೇ ಸಿಗುತ್ತಿದ್ದವು. ಒಂದು ಬಗೆಯಲ್ಲಿ, ಹಣವೇ ಬೇಡವೆಂದವರಿಗೆ ಆ ತಲೆನೋವು ಇರಲಿಲ್ಲ!

ಕೈಗೆ ಪಾಸ್‌ಪೋರ್ಟು ಬರುವ ಮುನ್ನವೇ, 1962ರ ಜೂನ್ 1ರಂದು, ಇಬ್ಬರೂ ರಾಜಘಾಟಿನ ಗಾಂಧಿ ಸಮಾಧಿಗೆ ನಮಸ್ಕರಿಸಿ ಹೊರಟರು. ಉತ್ತರ ಭಾರತದ ಜೂನ್ ಬಿಸಿಲು ಎಂದರೆ ಗೊತ್ತೇ ಇದೆ. ಪಂಜಾಬನ್ನು ದಾಟಿ ವಾಘಾ ಗಡಿ ಸೇರುವ ಹೊತ್ತಿಗೆ ಪಾಸ್‌ಪೋರ್ಟುಗಳು ಅವರನ್ನು ತಲುಪಿದವು.

ಗಡಿಯಲ್ಲಿ ನಡೆದ ಒಂದು ಪ್ರಸಂಗವನ್ನು ಸತೀಶ್ ಕುಮಾರ್ ಮುಂದೆ ಅನೇಕ ಸಲ ಹೇಳಿದ್ದಾರೆ. ಬೀಳ್ಕೊಡಲು ಬಂದಿದ್ದ ಸ್ನೇಹಿತರೊಬ್ಬರು ಊಟದ ಪೊಟ್ಟಣಗಳನ್ನು ಕೊಡಲು ಬಂದರು. ಪಾಕಿಸ್ತಾನದಲ್ಲಿ ಯಾರು ಅನ್ನ ಹಾಕುತ್ತಾರೆ ಎಂಬುದು ಅವರ ಆತಂಕ. ಯುವಕರು ಪೊಟ್ಟಣಗಳನ್ನು ಒಲ್ಲೆವೆಂದರು. ಇದರಲ್ಲಿ ಇರುವುದು ಊಟವಲ್ಲ, ಅಪನಂಬಿಕೆ ಎಂಬುದು ಅವರ ಭಾವನೆ. ಗಡಿ ದಾಟಿದರೆ ಆಚೆ ಬದಿಯಲ್ಲಿ ಅಪರಿಚಿತರೊಬ್ಬರು ಇವರಿಗಾಗಿಯೇ ಕಾಯುತ್ತಿದ್ದರು! ಇವರ ಸುದ್ದಿಯನ್ನು ಓದಿದ್ದ ಅವರು ತಮ್ಮ ಮನೆಗೆ ಅತಿಥಿಗಳಾಗಿ ಕರೆದೊಯ್ಯಲು ಬಂದಿದ್ದರು. ಕಾರು ಹತ್ತುವುದಿಲ್ಲವೆಂದು ಇವರು ಹೇಳಿದಾಗ ಲಾಹೋರಿನ ವಿಳಾಸ ಕೊಟ್ಟು ಹೋದರು. ಯಾತ್ರೆಯ ಮೊದಲ ವಿದೇಶಿ ಊಟ ಹೀಗೆ ಸಿಕ್ಕಿತು.

ಲೆಕ್ಕಕ್ಕೆ ಸಿಗುವ ನಡಿಗೆ

ಪಾಕಿಸ್ತಾನದಿಂದ ಖೈಬರ್ ಕಣಿವೆಯ ಮೂಲಕ ಆಫ್ಘಾನಿಸ್ತಾನ, ಅಲ್ಲಿಂದ ಇರಾನ್, ಅನಂತರ ಸೋವಿಯತ್ ಒಕ್ಕೂಟದ ಕಾಕಸಸ್ ಸೀಮೆ, ಕಪ್ಪು ಸಮುದ್ರದ ದಂಡೆ, ಮಾಸ್ಕೋ. ಆಮೇಲೆ ಪೋಲೆಂಡ್, ಪೂರ್ವ ಜರ್ಮನಿ, ಪಶ್ಚಿಮ ಜರ್ಮನಿ, ಬೆಲ್ಜಿಯಂ, ಫ್ರಾನ್ಸ್, ಇಂಗ್ಲೆಂಡ್. ಅಟ್ಲಾಂಟಿಕ್ ಸಾಗರವನ್ನು ಹಡಗಿನಲ್ಲಿ ದಾಟಿ ಅಮೆರಿಕ. ಒಟ್ಟು ಸುಮಾರು 8,000 ಮೈಲಿ, ಅಂದರೆ 13,000 ಕಿಲೋಮೀಟರಿನಷ್ಟು.

ಹಾಸನದಿಂದ ಬೆಂಗಳೂರಿಗೆ ಸುಮಾರು 180 ಕಿ.ಮೀ. ಎಂದಿಟ್ಟುಕೊಂಡರೆ ಇದು ಮೂವತ್ತಾರು ಸಲ ಹೋಗಿ ಬಂದಷ್ಟು ದೂರ. ಒಂದು ಹೆಜ್ಜೆಗೆ ಮುಕ್ಕಾಲು ಮೀಟರಿನಂತೆ ಲೆಕ್ಕ ಹಾಕಿದರೆ ಪ್ರತಿಯೊಬ್ಬರೂ ಇಟ್ಟ ಹೆಜ್ಜೆಗಳು ಒಂದು ಕೋಟಿ ಎಪ್ಪತ್ತು ಲಕ್ಷಕ್ಕೂ ಮಿಗಿಲು. ತಂಗಿದ ದಿನ, ಹಡಗಿನ ದಿನ ಎಲ್ಲ ಸೇರಿಸಿ ಸರಾಸರಿ ತೆಗೆದರೂ ದಿನಕ್ಕೆ 22 ಕಿ.ಮೀ. ಬರುತ್ತದೆ. ನಡೆದ ದಿನಗಳಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ನಡೆದಿರಲೇಬೇಕು.

ದಿನಕ್ಕೆ 30 ಕಿ.ಮೀ. ನಡೆಯಲು ಸಾಧಾರಣ ಮೈಕಟ್ಟಿನ ಮನುಷ್ಯನಿಗೆ ಮಾಮೂಲು ಆಹಾರದ ಮೇಲೆ ಸುಮಾರು 1,500 ಕಿಲೊಕ್ಯಾಲೊರಿ ಹೆಚ್ಚು ಬೇಕು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹತ್ತಿರ ಹತ್ತಿರ ಅರ್ಧ ಕೆ.ಜಿ. ರಾಗಿಹಿಟ್ಟಿನ ಮುದ್ದೆ! ಚಳಿಯಲ್ಲಿ ಮೈ ಬಿಸಿಯಾಗಿಟ್ಟುಕೊಳ್ಳಲು ಇನ್ನೂ ಹೆಚ್ಚು. ಸಸ್ಯಾಹಾರಿಗಳಿಗೆ ಆ ದೇಶಗಳ ಹಳ್ಳಿಗಳಲ್ಲಿ ಆಧಾರವಾಗುವಂಥವು ರೊಟ್ಟಿ, ಆಲೂಗಡ್ಡೆ, ಎಲೆಕೋಸು, ಹಾಲು. ಅವರು ರಷ್ಯದಲ್ಲಿ ಹಿಮದ ಮೇಲೆ ನಡೆದ 1962-63ರ ಚಳಿಗಾಲವೂ ಸಾಮಾನ್ಯದ್ದಾಗಿರಲಿಲ್ಲ. ಮಧ್ಯ ಇಂಗ್ಲೆಂಡಿನ ದಾಖಲೆಗಳ ಪ್ರಕಾರ 1963ರ ಜನವರಿಯೇ ಇಡೀ ಇಪ್ಪತ್ತನೆಯ ಶತಮಾನದ ಅತಿ ಶೀತಲ ತಿಂಗಳು. ಬೆಚ್ಚನೆಯ ನಾಡಿನಿಂದ ಹೋದವರು, ಕೊಳ್ಳಲು ಕಾಸಿಲ್ಲದವರು, ಹೋದಲ್ಲೆಲ್ಲ ಕಂಡವರ ಕರುಣೆಯಿಂದಲೇ ಆ ಚಳಿಯನ್ನು ದಾಟಿದರು.

ಶಿವರಾತ್ರಿಯ ಮುನ್ನ ಚಾರ್ಮಾಡಿ ಘಾಟಿಯ ಮೂಲಕ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುವವರಿಗೆ ದಾರಿಯುದ್ದಕ್ಕೂ ಮಜ್ಜಿಗೆ, ಕಲ್ಲಂಗಡಿ, ಊಟ ಕೊಡುವ ಜನ ನಮ್ಮಲ್ಲಿದ್ದಾರೆ. ಆದರೆ ಅಲ್ಲಿ ನಡೆಯುವವನೂ ನೀಡುವವನೂ ಒಂದೇ ದೇವರ ಒಕ್ಕಲು. ಮಾತು, ಮತ, ಊಟ ಯಾವುದೂ ಒಂದಲ್ಲದ ಕಡೆ, ಅದೂ ಎರಡನೆಯ ಮಹಾಯುದ್ಧದ ಗಾಯ ಇನ್ನೂ ಮಾಯದ ಪೋಲೆಂಡು, ಜರ್ಮನಿಗಳಲ್ಲಿ, ಸಂಜೆಗತ್ತಲಲ್ಲಿ ಬಾಗಿಲು ತಟ್ಟಿದ ಇಬ್ಬರು ಕಂದುಬಣ್ಣದ ಯುವಕರನ್ನು ಒಳಗೆ ಕರೆದವರ ಮನಸ್ಸು ದೊಡ್ಡದು.

ನಾಲ್ಕು ಪೊಟ್ಟಣ ಟೀ ಪುಡಿ

ಯಾತ್ರೆಯ ಅತ್ಯಂತ ಪ್ರಸಿದ್ಧ ಘಟನೆ ನಡೆದದ್ದು ಜಾರ್ಜಿಯದಲ್ಲಿ. ಕಪ್ಪು ಸಮುದ್ರದ ಅಂಚಿನ ಈ ನಾಡು ಆಗ ಸೋವಿಯತ್ ಒಕ್ಕೂಟದ ಟೀ ತೋಟವೆಂದೇ ಹೆಸರಾಗಿತ್ತು. ಟೀ ಕಾರ್ಖಾನೆಯೊಂದರ ಹೊರಗೆ ಭೇಟಿಯಾದ ಇಬ್ಬರು ಮಹಿಳೆಯರು ಇವರ ಕಥೆ ಕೇಳಿ ಟೀ ಕುಡಿಯಲು ಒಳಗೆ ಕರೆದರು. ಮಾತಿನ ನಡುವೆ ಒಬ್ಬಾಕೆ ಎದ್ದು ಹೋಗಿ ನಾಲ್ಕು ಪೊಟ್ಟಣ ಟೀ ಪುಡಿಯೊಂದಿಗೆ ಬಂದಳು. ಇದು ನಿಮಗಲ್ಲ, ನಾಲ್ಕು ರಾಜಧಾನಿಗಳ ನಾಲ್ವರು ನಾಯಕರಿಗೆ ಎಂದಳು. ಬಾಂಬಿನ ಗುಂಡಿ ಒತ್ತಬೇಕೆಂಬ ಹುಚ್ಚು ಯೋಚನೆ ಅವರಿಗೆ ಬಂದಾಗ ಒಂದು ಗಳಿಗೆ ನಿಂತು ಈ ಟೀ ಮಾಡಿಕೊಂಡು ಕುಡಿಯಲಿ. ಅಷ್ಟರಲ್ಲಿ, ಆ ಬಾಂಬು ಬೀಳುವುದು ವೈರಿಯ ಮೇಲೆ ಮಾತ್ರವಲ್ಲ, ಟೀ ಎಲೆ ಕೀಳುವ ಹೆಂಗಸರ ಮೇಲೆ, ಮಕ್ಕಳ ಮೇಲೆ, ಗಿಡಮರ ಪ್ರಾಣಿಗಳ ಮೇಲೆ ಎಂಬುದು ಅವರಿಗೆ ಹೊಳೆಯುತ್ತದೆ ಎಂಬುದು ಅವಳ ಸಂದೇಶ.

ಅಲ್ಲಿಯವರೆಗೆ ಇಬ್ಬರು ಯುವಕರ ಬಳಿ ಇದ್ದದ್ದು ತಮ್ಮದೇ ಸಂದೇಶ. ಇನ್ನು ಮುಂದೆ ಒಬ್ಬ ಕಾರ್ಮಿಕ ಹೆಣ್ಣುಮಗಳ ಸಂದೇಶವೂ ಅವರ ಚೀಲ ಸೇರಿತು. ಮೊದಲ ಪೊಟ್ಟಣ ಮಾಸ್ಕೋದಲ್ಲಿ ಸಂದಿತು. ಕ್ರುಶ್ಚೇವ್ ಅವರು ನೇರವಾಗಿ ಸಿಗಲಿಲ್ಲವಾದರೂ ಕ್ರೆಮ್ಲಿನ್‌ನಲ್ಲಿ ಯಾತ್ರಿಕರಿಗೆ ಸ್ವಾಗತ ದೊರೆಯಿತು.

ಪ್ಯಾರಿಸ್ಸಿನಲ್ಲಿ ಸೆರೆ

ಪ್ಯಾರಿಸ್ಸಿನ ಅನುಭವ ಬೇರೆಯಾಗಿತ್ತು. ಫ್ರಾನ್ಸ್ 1960ರ ಫೆಬ್ರವರಿ 13ರಂದು ಆಲ್ಜೀರಿಯದ ಮರುಭೂಮಿಯಲ್ಲಿ ತನ್ನ ಮೊದಲ ಬಾಂಬನ್ನು ಸಿಡಿಸಿ ಅಣ್ವಸ್ತ್ರ ಕೂಟಕ್ಕೆ ಹೊಸದಾಗಿ ಸೇರಿತ್ತು. ಸ್ವಂತ ಬಾಂಬು ಅಧ್ಯಕ್ಷ ದಗಾಲ್ ಅವರಿಗೆ ದೇಶದ ಪ್ರತಿಷ್ಠೆಯ ಪ್ರಶ್ನೆ. ಯಾತ್ರಿಕರಿಗೆ ಅವರಿಂದ ಭೇಟಿಯ ಅವಕಾಶ ಸಿಗಲಿಲ್ಲ. ಅಧ್ಯಕ್ಷರ ಅರಮನೆಯ ಮುಂದೆ ಪ್ರತಿಭಟನೆಗೆ ನಿಂತಾಗ ಪೊಲೀಸರು ಇಬ್ಬರನ್ನೂ ಹಿಡಿದು ಸೆರೆಯಲ್ಲಿಟ್ಟರು. ಮೂರು ದಿನಗಳಾದ ಮೇಲೆ ಭಾರತದ ರಾಯಭಾರಿಯ ಮಧ್ಯಸ್ಥಿಕೆಯಿಂದ ಬಿಡುಗಡೆಯಾಯಿತು. ಫ್ರೆಂಚ್ ಸರ್ಕಾರ ಅವರನ್ನು ದೇಶದಿಂದ ಹೊರಹಾಕಿ ಇಂಗ್ಲೆಂಡಿಗೆ ಸಾಗಹಾಕಿತು. ಎರಡನೆಯ ಪೊಟ್ಟಣವನ್ನು ಅಧ್ಯಕ್ಷರ ಕೈಗೆ ಇವರು ನೇರವಾಗಿ ಕೊಡಲಾಗಲಿಲ್ಲ.

ಯಾವ ಮುದುಕನ ಸೆರೆವಾಸದ ಸುದ್ದಿ ಓದಿ ಇವರು ಹೊರಟಿದ್ದರೋ ಆತನನ್ನು ತಲುಪುವ ಮುನ್ನ ಇವರೂ ಸೆರೆಮನೆ ಕಂಡದ್ದು ಕಾಕತಾಳೀಯವಿರಬಹುದು. ಇಂಗ್ಲೆಂಡಿಗೆ ಬಂದ ಮೇಲೆ ವೇಲ್ಸ್‌ನಲ್ಲಿ ರಸೆಲ್ ಅವರ ಭೇಟಿಯಾಯಿತು. ಅಟ್ಲಾಂಟಿಕ್ ದಾಟಲು ರಸೆಲ್ ಮತ್ತಿತರ ಹಿತೈಷಿಗಳ ನೆರವಿನಿಂದ 'ಕ್ವೀನ್ ಮೇರಿ' ಹಡಗಿನ ಟಿಕೆಟ್ಟುಗಳು ಸಿಕ್ಕವು.

ವಾಷಿಂಗ್ಟನ್ನಿನಲ್ಲಿ ಅವರು ಕಾಣಬೇಕೆಂದಿದ್ದದ್ದು ಜಾನ್ ಕೆನೆಡಿಯವರನ್ನು. ಆದರೆ 1963ರ ನವೆಂಬರ್ 22ರಂದು ಕೆನೆಡಿ ಗುಂಡಿಗೆ ಬಲಿಯಾದರು. ಇಬ್ಬರೂ ನ್ಯೂಯಾರ್ಕಿನಿಂದ ವಾಷಿಂಗ್ಟನ್ನಿಗೆ ನಡೆದು, 1964ರ ಜನವರಿಯಲ್ಲಿ ಆರ್ಲಿಂಗ್ಟನ್ ಸ್ಮಶಾನದಲ್ಲಿ ಕೆನೆಡಿಯವರ ಸಮಾಧಿಯ ಮುಂದೆ ಯಾತ್ರೆ ಮುಗಿಸಿದರು. ಗುಂಡಿಗೆ ಬಲಿಯಾದ ಒಬ್ಬರ ಸಮಾಧಿಯಿಂದ ಹೊರಟು ಗುಂಡಿಗೆ ಬಲಿಯಾದ ಇನ್ನೊಬ್ಬರ ಸಮಾಧಿಗೆ ಬಂದು ಮುಟ್ಟಿದ ಯಾತ್ರೆ ಅದು. ಕೊನೆಯ ಪೊಟ್ಟಣವನ್ನು ಹೊಸ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರಿಗೆಂದು ಶ್ವೇತಭವನದಲ್ಲಿ ಒಪ್ಪಿಸಲಾಯಿತು. ಅಟ್ಲಾಂಟಾದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕಂಡು, ಆಮೇಲೆ ಜಪಾನಿಗೆ ಹೋಗಿ ಟೋಕಿಯೊದಿಂದ ಹಿರೋಷಿಮಾಕ್ಕೆ ನಡೆದು, ಅವರು ಸ್ವದೇಶಕ್ಕೆ ಮರಳಿದರು.

ಇದರಿಂದ ಏನಾಯಿತು?

ಈ ಪ್ರಶ್ನೆಯನ್ನು ಕೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಟೀ ಪುಡಿ ಹೊತ್ತು ನಡೆದರೆ ಬಾಂಬುಗಳು ಮಾಯವಾಗುತ್ತವೆಯೇ? ಆಗಲಿಲ್ಲ. ಇವರು ದಾರಿಯಲ್ಲಿದ್ದಾಗಲೇ, 1962ರ ಅಕ್ಟೋಬರಿನಲ್ಲಿ, ಕ್ಯೂಬಾದ ಕ್ಷಿಪಣಿಗಳ ಸಲುವಾಗಿ ಜಗತ್ತು ಅಣುಯುದ್ಧದ ಹೊಸ್ತಿಲಿಗೆ ಬಂದು ನಿಂತಿತ್ತು. ಅದೇ ತಿಂಗಳು 20ರಂದು ಚೀನಾದ ಸೇನೆ ಭಾರತದ ಗಡಿಯಲ್ಲಿ ದಾಳಿ ಮಾಡಿತು. ತಾಯ್ನಾಡು ಯುದ್ಧದಲ್ಲಿರುವಾಗ ಅದರ ಇಬ್ಬರು ಮಕ್ಕಳು ಪರದೇಶದಲ್ಲಿ ಶಾಂತಿಯ ಮಾತಾಡುತ್ತಿದ್ದರು. ಗಡಿ ಕಾಯಲು ಸೈನಿಕ ಬೇಡವೇ ಎಂದು ಕೇಳುವವರಿಗೆ ಸುಲಭದ ಉತ್ತರವಿಲ್ಲ. 1963ರ ಮಾರ್ಚಿನಲ್ಲಿ ಶಂಕರರಾವ್ ದೇವ್ ಅವರ ಮುಂದಾಳತ್ವದಲ್ಲಿ ದೆಹಲಿಯಿಂದ ಪೀಕಿಂಗಿಗೆ ಹೊರಟ ಮೈತ್ರಿಯಾತ್ರೆಗೆ ಚೀನಾ ಪ್ರವೇಶ ಕೊಡಲಿಲ್ಲ. ಅದು ಅಸ್ಸಾಮಿನಲ್ಲೇ ನಿಂತುಹೋಯಿತು. 1964ರ ಅಕ್ಟೋಬರ್ 16ರಂದು ಚೀನಾವೂ ಬಾಂಬು ಸಿಡಿಸಿತು. 1974ರ ಮೇ 18ರಂದು ಪೋಖ್ರಾನಿನಲ್ಲಿ ಭಾರತ ಮೊದಲ ಪರೀಕ್ಷೆ ನಡೆಸಿದಾಗ ವಿಜ್ಞಾನಿಗಳ ಮುಂದಾಳಾಗಿದ್ದವರು ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ. ಬಾಂಬಿನ ವಿರುದ್ಧದ ನಡಿಗೆಯ ಸಂಕಲ್ಪಕ್ಕೂ ಬಾಂಬಿನ ವಿಜ್ಞಾನಕ್ಕೂ ಕರ್ನಾಟಕದ ನಂಟಿರುವುದನ್ನು ಎರಡೂ ಕಡೆಯವರು ನೆನಪಿಡಬೇಕು.

ಆದರೂ ಆ ಟೀ ಕಾರ್ಖಾನೆಯ ಹೆಣ್ಣುಮಗಳ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಖಂಡಾಂತರ ಕ್ಷಿಪಣಿಯೊಂದು ರಷ್ಯದಿಂದ ಅಮೆರಿಕ ತಲುಪಲು ಬೇಕಾಗುವುದು ಸುಮಾರು ಅರ್ಧ ಗಂಟೆ. ಕ್ಷಿಪಣಿ ಬರುತ್ತಿದೆಯೆಂಬ ಸೂಚನೆ ಸಿಕ್ಕಿ, ಅದು ನಿಜವೇ ಎಂದು ನೋಡಿ, ಪ್ರತಿದಾಳಿಯ ತೀರ್ಮಾನಕ್ಕೆ ಉಳಿಯುವುದು ಕೆಲವೇ ನಿಮಿಷ. ಹೆಚ್ಚುಕಡಿಮೆ ಒಂದು ಲೋಟ ಟೀ ಕುದಿದು ಆರುವಷ್ಟು ಹೊತ್ತು! ಕ್ಯೂಬಾ ಪ್ರಕರಣದಿಂದ ಎರಡು ಮಹಾಶಕ್ತಿಗಳು ಕಲಿತ ಪಾಠವೂ ಅದೇ: ದುಡುಕುವ ಮುನ್ನ ಮಾತಾಡಲು ಒಂದು ದಾರಿ ಬೇಕು. 1963ರ ಜೂನ್ 20ರಂದು ಮಾಸ್ಕೋ ಮತ್ತು ವಾಷಿಂಗ್ಟನ್ ನಡುವೆ ನೇರ ಸಂಪರ್ಕದ ತಂತಿ ಹಾಕಲು ಒಪ್ಪಂದವಾಯಿತು. 'ಹಾಟ್‌ಲೈನ್' ಎಂದು ಹೆಸರಾದದ್ದು ಅದೇ. ಆಗಸ್ಟ್ 5ರಂದು ಗಾಳಿಯಲ್ಲಿ, ನೀರಿನಲ್ಲಿ, ಬಾಹ್ಯಾಕಾಶದಲ್ಲಿ ಬಾಂಬು ಪರೀಕ್ಷೆಯನ್ನು ನಿಷೇಧಿಸುವ ಒಪ್ಪಂದಕ್ಕೆ ಅಮೆರಿಕ, ರಷ್ಯ, ಬ್ರಿಟನ್ನುಗಳು ಸಹಿ ಹಾಕಿದವು, ಫ್ರಾನ್ಸ್ ಹಾಕಲಿಲ್ಲ. ಇದಕ್ಕೆ ಇಬ್ಬರು ಭಾರತೀಯರ ನಡಿಗೆಯೇ ಕಾರಣ ಎಂದರೆ ಅತಿಶಯೋಕ್ತಿಯಾದೀತು. ಹಾಲುಹಲ್ಲು ಅಳೆದ ವಿಜ್ಞಾನಿಗಳು, ಮಗುವಿನ ಕೈಹಿಡಿದು ಬೀದಿಗಿಳಿದ ತಾಯಂದಿರು, ಜೈಲು ಸೇರಿದ ರಸೆಲ್ ಅಂಥವರು, ನಡೆದ ಯಾತ್ರಿಕರು ಎಲ್ಲರೂ ಸೇರಿ ಎಬ್ಬಿಸಿದ ಜನಾಭಿಪ್ರಾಯಕ್ಕೂ ಅದರಲ್ಲಿ ಪಾಲಿತ್ತು ಎನ್ನುವುದು ಸರಿ.

ಟೀ ಆರುವಷ್ಟು ಹೊತ್ತು ಕಾಯುವುದರ ಬೆಲೆ ಏನೆಂಬುದಕ್ಕೆ ಇಪ್ಪತ್ತು ವರ್ಷಗಳ ಬಳಿಕ ಒಂದು ಸಾಕ್ಷಿ ಸಿಕ್ಕಿತು. 1983ರ ಸೆಪ್ಟೆಂಬರ್ 26ರಂದು 'ಅಮೆರಿಕದಿಂದ ಕ್ಷಿಪಣಿಗಳು ಹೊರಟಿವೆ' ಎಂದು ಸೋವಿಯತ್ ಎಚ್ಚರಿಕೆ ಕೇಂದ್ರದ ಯಂತ್ರಗಳು ಕೂಗಿದವು. ಪಾಳಿಯಲ್ಲಿದ್ದ ಸೇನಾಧಿಕಾರಿ ಸ್ತಾನಿಸ್ಲಾವ್ ಪೆಟ್ರೊವ್ ದುಡುಕಲಿಲ್ಲ. ನಿಜವಾಗಿ ಯುದ್ಧ ಹೂಡುವವರು ಬೆರಳೆಣಿಕೆಯ ಕ್ಷಿಪಣಿ ಬಿಡುವುದಿಲ್ಲ ಎಂದು ತರ್ಕಿಸಿ ಅದು ಸುಳ್ಳು ಸೂಚನೆಯೆಂದು ವರದಿ ಮಾಡಿದರು. ಮೋಡಗಳ ಮೇಲೆ ಪ್ರತಿಫಲಿಸಿದ ಸೂರ್ಯನ ಬೆಳಕನ್ನು ಉಪಗ್ರಹ ತಪ್ಪಾಗಿ ತಿಳಿದಿತ್ತೆಂದು ಆಮೇಲೆ ಗೊತ್ತಾಯಿತು. ಆ ಕೆಲವು ನಿಮಿಷಗಳ ತಾಳ್ಮೆಯಿಂದ ಎಷ್ಟು ಕೋಟಿ ಜೀವ ಉಳಿದವೋ!

1980ರ ದಶಕದ ನಡುವೆ ಜಗತ್ತಿನಲ್ಲಿ ಸುಮಾರು 70,000 ಅಣು ಸಿಡಿತಲೆಗಳಿದ್ದವು. ಇಂದು ಅವು ಸುಮಾರು 12,000ಕ್ಕೆ ಇಳಿದಿವೆ. ಅವನ್ನು ಹೊಂದಿರುವ ದೇಶಗಳು ಮಾತ್ರ ನಾಲ್ಕರಿಂದ ಒಂಬತ್ತಕ್ಕೆ ಏರಿವೆ. ಹಿರೋಷಿಮಾ, ನಾಗಾಸಾಕಿಗಳಲ್ಲಿ ಬದುಕುಳಿದವರ ಸಂಘಟನೆಯಾದ ನಿಹೋನ್ ಹಿದಾಂಕ್ಯೋಗೆ 2024ರ ನೊಬೆಲ್ ಶಾಂತಿ ಪ್ರಶಸ್ತಿ ಬಂದದ್ದು, ಈ ಭಯ ಹಳೆಯದಾಗಿಲ್ಲ ಎಂಬುದರ ಗುರುತು.

ಇಂದು ಹಾಗೆ ಹೊರಡಬಹುದೇ?

ಈಗ ಯಾರಾದರೂ ಇಂಥ ಸೇವಾಯಾತ್ರೆಗೆ ಹೊರಟರೆ? ಯೂರೋಪಿನ ಬಹುಪಾಲು ದೇಶಗಳು ಇಂದು ಷೆಂಗೆನ್ ಒಪ್ಪಂದದಡಿ ಒಂದೇ ವೀಸಾಕ್ಕೆ ಒಳಪಟ್ಟಿವೆ. ಒಮ್ಮೆ ಒಳಹೊಕ್ಕರೆ ಪೋಲೆಂಡಿನಿಂದ ಫ್ರಾನ್ಸಿನವರೆಗೆ ಗಡಿಗಳ ಕಿರಿಕಿರಿ ಬಹುಮಟ್ಟಿಗೆ ಇಲ್ಲ. ಆದರೆ ಆ ವೀಸಾ ಬೇಕಾದರೆ ಬ್ಯಾಂಕಿನ ಲೆಕ್ಕ, ಉಳಿದುಕೊಳ್ಳುವ ಸ್ಥಳದ ವಿವರ, 30,000 ಯೂರೋಗಳ ವೈದ್ಯಕೀಯ ವಿಮೆ ತೋರಿಸಬೇಕು. ಕೈಯಲ್ಲಿ ಕಾಸಿಲ್ಲದವನಿಗೆ ಅರ್ಜಿಯ ಹಂತದಲ್ಲೇ ಬಾಗಿಲು ಮುಚ್ಚುತ್ತದೆ. ಅಂದಿನ ಕಬ್ಬಿಣದ ತೆರೆಯನ್ನು ದಾಟಿದ ಬರಿಗೈ ಇಂದಿನ ಅರ್ಜಿ ನಮೂನೆಯನ್ನು ದಾಟಲಾರದು. ವಿದೇಶಗಳಲ್ಲಿ ಸ್ವಯಂಸೇವೆ ಮಾಡಬಯಸುವ ತರುಣರಿಗೆ ಬೇರೆ ದಾರಿಗಳಿವೆ. ಮೊದಲ ಮಹಾಯುದ್ಧದಲ್ಲಿ ಪಾಳುಬಿದ್ದ ಫ್ರಾನ್ಸಿನ ಹಳ್ಳಿಯೊಂದನ್ನು ಕಟ್ಟಲು 1920ರಲ್ಲಿ ಶುರುವಾದ 'ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್' ಭಾರತದಲ್ಲೂ ಬೇರು ಬಿಟ್ಟಿದೆ. ಅದರ ಸ್ಥಾಪಕ ಪಿಯರ್ ಸೆರೆಸೋಲ್ 1934ರ ಬಿಹಾರದ ಭೂಕಂಪದ ಬಳಿಕ ಇಲ್ಲಿಗೆ ಬಂದು, ಜೊತೆಗಾರರೊಂದಿಗೆ ಸ್ವತಃ ಸಲಿಕೆ ಹಿಡಿದು ದುಡಿದವರು. ವಿಶ್ವಸಂಸ್ಥೆಯ ಸ್ವಯಂಸೇವಕ ಪಡೆಯೂ ಇದೆ.

ಮೆನನ್ ಅವರು ತಮ್ಮ ಅನುಭವವನ್ನು 'ಫುಟ್‌ಪ್ರಿಂಟ್ಸ್ ಆನ್ ಫ್ರೆಂಡ್ಲಿ ರೋಡ್ಸ್' ಎಂಬ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಸತೀಶ್ ಕುಮಾರ್ ಇಂಗ್ಲೆಂಡಿನಲ್ಲಿ ನೆಲೆಸಿ, 1973ರಿಂದ ನಾಲ್ಕು ದಶಕಕ್ಕೂ ಹೆಚ್ಚು ಕಾಲ 'ರಿಸರ್ಜೆನ್ಸ್' ಪತ್ರಿಕೆಯ ಸಂಪಾದಕರಾಗಿದ್ದರು. ಪರಿಸರ ಶಿಕ್ಷಣದ ಷೂಮಾಕರ್ ಕಾಲೇಜನ್ನು ಹುಟ್ಟುಹಾಕಿದವರಲ್ಲಿ ಒಬ್ಬರು. ಅವರ ಆತ್ಮಕಥೆ 'ನೋ ಡೆಸ್ಟಿನೇಷನ್'.

ಇಬ್ಬರ ಯಾತ್ರೆಯನ್ನೂ ಸಾಹಸವೆಂದು ಹೊಗಳಿ ಬಿಡುವುದು ಸುಲಭ. ಆದರೆ ಅದರಲ್ಲಿ ಸಾಹಸಕ್ಕಿಂತ ದೊಡ್ಡದೊಂದು ಪ್ರಯೋಗವಿತ್ತು. ವೈರಿಯ ದೇಶದಲ್ಲೂ ಅನ್ನ ಹಾಕುವ ಕೈ ಇದ್ದೇ ಇರುತ್ತದೆ ಎಂಬ ಊಹೆಯನ್ನು ಅವರು ತಮ್ಮ ಹೊಟ್ಟೆಯನ್ನೇ ಪಣಕ್ಕಿಟ್ಟು ಇಪ್ಪತ್ತು ತಿಂಗಳ ಕಾಲ ಒಂದೊಂದು ಊರಿನಲ್ಲೂ ಪರೀಕ್ಷಿಸಿ ನೋಡಿದರು. ಆ ಊಹೆ ಸುಳ್ಳಾಗಿದ್ದರೆ ಅವರು ಮರಳಿ ಬರುತ್ತಲೇ ಇರಲಿಲ್ಲ.